ಸಂಡೂರು ಗುಡ್ಡದಾಗ ಎರಡು ದಿನ: ಎಕ್ಸ್‌ಪಲ್ಸ್ ಎರಡು, ಥಾರ್ ಒಂದು. ತಯಾರಿ ಹೆಂಗಿರಬೇಕು?

ಸಿಂಧನೂರು_ಸವಾರ:
ನಮಸ್ಕಾರ್ರೀ. ಡಿಸೆಂಬರ್‌ನಾಗ ಎರಡು ದಿನ ಸಂಡೂರು ಕಡೆ ಹೊಂಟೀವಿ. ಎಕ್ಸ್‌ಪಲ್ಸ್ 200 ಬೈಕು ಎರಡು, ಡೀಸೆಲ್ ಥಾರ್ ಜೀಪು ಒಂದು, ಐದು ಮಂದಿ. ನಾರಿಹಳ್ಳ ಡ್ಯಾಮು, ಕುಮಾರಸ್ವಾಮಿ ಗುಡಿ, ರಾಮಗಡ ನೋಡೋದೈತಿ. ಆದ್ರ ಡಾಂಬರು ಬಿಟ್ಟು ಮಣ್ಣಿನ ದಾರ್ಯಾಗ ಹೋಗಬೇಕಂತ ಎಲ್ಲಾರ ಹಟ. ಸ್ಯಾಟಲೈಟ್ ನಕ್ಷೆದಾಗ ಗುಡ್ಡದ ಮ್ಯಾಲೆ ಕೆಂಪು ದಾರಿ ಬಾಳ ಕಾಣ್ತಾವ, ಅವುಕ್ಕ ಪರ್ಮಿಷನ್ ಬೇಕೇನು? ಎಕ್ಸ್‌ಪಲ್ಸ್‌ದು ಟ್ಯೂಬ್ ಟೈರು, ಗಾಳಿ ಎಷ್ಟಿಡಬೇಕು? ಬಾಡಿಗಿ ಎಟಿವಿ (ಮಣ್ಣಿನ ದಾರಿಗೆ ಮಾಡಿದ ನಾಕು ಗಾಲಿ ಬೈಕು) ಸಿಕ್ಕರ ಗುಡ್ಡಕ್ಕ ಒಯ್ಯಬಹುದಾ ಅಂತ ಒಬ್ಬ ಗೆಳೆಯ ಕೇಳಾಕತ್ತಾನ.

ಕೆಮ್ಮಣ್ಣು_ಸಂಡೂರು:
ಎಟಿವಿ ಮಾತು ಮೊದಲು ಮುಗಿಸೋಣ. ಬಾಡಿಗೆಗೆ ಕೊಡೋ ಎಟಿವಿಗಳಿಗೆ ಸಾಮಾನ್ಯವಾಗಿ ರಸ್ತೆ ನೋಂದಣಿ ಇರಲ್ಲ. ಕೊಟ್ಟವರ ಬೇಲಿಯೊಳಗೇ ಓಡಿಸಿ, ವಾಪಸ್ ಕೊಟ್ಟು ಬನ್ನಿ.

ನಕ್ಷೆಯ ಕೆಂಪು ದಾರಿ ನಂಬಬೇಡಿ. ಗುಡ್ಡದ ಮೇಲಿನ ಅಗಲವಾದ ದಾರಿ ಬಹುತೇಕ ಗಣಿ ಲಾರಿಗಾಗಿ ಮಾಡಿದ್ದು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಾರಿಕೆ ನಿಲ್ಲಿಸಿತು, 2013ರಲ್ಲಿ ಷರತ್ತು ಹಾಕಿ ಕೆಲವಕ್ಕೆ ಬಿಟ್ಟಿತು. ಹಾಗಾಗಿ ಮೊಬೈಲಲ್ಲಿ ಕಾಣೋ ಗುಂಡಿ ನಡೀತಿರೋ ಗಣಿಯೋ, ಪಾಳು ಗಣಿಯೋ ಮನೇಲಿ ಕೂತು ಹೇಳಕ್ಕಾಗಲ್ಲ. ಎರಡಕ್ಕೂ ನುಗ್ಗೋ ಹಾಗಿಲ್ಲ. ಡಂಪರ್ ಮೂಗಿನ ಕೆಳಗೆ ನಿಂತ ಬೈಕು ಡ್ರೈವರ್‌ಗೆ ಕಾಣಲ್ಲ. ಪಾಳು ಗುಂಡಿಯ ಅಂಚಲ್ಲಿ ಮಳೆನೀರು ಕೆಳಗಿನ ಮಣ್ಣನ್ನ ಕೊರೆದಿರುತ್ತೆ, ಮೇಲೆ ಬರೀ ಪದರ. ಎಲ್ಲಕ್ಕಿಂತ ಮೋಸದ್ದು ಚೆಕ್ ಡ್ಯಾಮ್ ಹಿಂದೆ ನಿಂತ ಅದಿರಿನ ಹೂಳು. ಮೇಲೆ ಒಣಗಿ ಬಿರುಕು ಬಿಟ್ಟು ಗಟ್ಟಿ ನೆಲ ಅನ್ನಿಸುತ್ತೆ, ಗೇಣು ಕೆಳಗೆ ಇನ್ನೂ ಕೆಸರು. ಥಾರ್ ಆಕ್ಸಲ್‌ವರೆಗೂ ಕೂರುತ್ತೆ.

ಗಣಿ ಬಿಟ್ಟರೆ ಉಳಿದದ್ದು ಬಹುಪಾಲು ಮೀಸಲು ಅರಣ್ಯ. ಅಪ್ಪಣೆ ಇಲ್ಲದೆ ಒಳಗೆ ಹೋದರೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಕೇಸು. ಸಂಡೂರಿನ ವಲಯ ಅರಣ್ಯಾಧಿಕಾರಿ ಕಚೇರಿಗೆ ದಾರಿ, ದಿನಾಂಕ, ಗಾಡಿ ನಂಬರ್ ಬರೆದು ಅರ್ಜಿ ಕೊಡಿ. ಒಪ್ಪಿದರೆ ಕಾಗದದ ಮೇಲೆ ತಗೊಳ್ಳಿ, ಬಾಯಿಮಾತು ಚೆಕ್‌ಪೋಸ್ಟಲ್ಲಿ ನಡೆಯಲ್ಲ. ಒಪ್ಪದಿದ್ದರೆ ಊರಿಂದೂರಿಗೆ ಹೋಗೋ ಬಂಡಿ ದಾರಿಗಳಿವೆ, ಎಕ್ಸ್‌ಪಲ್ಸ್‌ಗೆ ಅದೇ ಸಾಕಷ್ಟು ಕೆಲಸ. ಕುಮಾರಸ್ವಾಮಿ ಗುಡಿಗಂತೂ ಡಾಂಬರೇ ಇದೆ.

ದರೋಜಿ ಕರಡಿಧಾಮದ ಕಡೆ ಟ್ರೇಲ್ ಹುಡುಕಲೇಬೇಡಿ. ಕರಡಿಗೆ ಧಾಮದ ಗಡಿ ಗೊತ್ತಿಲ್ಲ, ಹೊತ್ತು ಇಳಿದ ಮೇಲೆ ಹೊಲದ ಬದಿಗೂ ಬರುತ್ತೆ. ಸಂಜೆ ಐದಕ್ಕೆ ಎಲ್ಲಾ ಗಾಡಿ ಡಾಂಬರ್ ಮೇಲಿರಲಿ.

ಸ್ಪಾನರ್_ಬಳ್ಳಾರಿ:
ಗಾಳಿ: ಕಂಪನಿ ಹೇಳಿದ್ದಕ್ಕಿಂತ ಐದಾರು ಪಿಎಸ್‌ಐ ಇಳಿಸಿ, 20ಕ್ಕಿಂತ ಕೆಳಗೆ ಬೇಡ. ಇನ್ನೂ ಇಳಿಸಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ ಅಕ್ಕಪಕ್ಕ ಎರಡು ಸೀಳು ಬೀಳುತ್ತೆ. ಎರಡು ಸೀಳು ಕಂಡರೆ ಮುಳ್ಳಲ್ಲ, ಗಾಳಿ ಕಡಿಮೆ ಅಂತ ತಿಳ್ಕೊಳ್ಳಿ. ವಾಲ್ವಿನ ಸಣ್ಣ ನಟ್ಟನ್ನ ರಿಮ್ಮಿಗೆ ಬಿಗಿಯಬೇಡಿ, ಮೇಲೆತ್ತಿ ಕ್ಯಾಪಿಗೆ ತಾಗಿಸಿಡಿ. ಟೈರು ರಿಮ್ಮಿನ ಮೇಲೆ ಜಾರಿದರೆ ವಾಲ್ವ್ ವಾಲುತ್ತೆ, ಕಣ್ಣಿಗೆ ಕಾಣುತ್ತೆ. ನಟ್ಟು ಬಿಗಿದಿದ್ದರೆ ವಾಲಲ್ಲ, ಬುಡಕ್ಕೇ ಹರಿಯುತ್ತೆ, ಅದಕ್ಕೆ ಪ್ಯಾಚ್ ಕೂರಲ್ಲ.

ನಮ್ಮ ಬಳ್ಳಾರಿ ಜಾಲಿ ಗೊತ್ತಲ್ಲ! ಮುಳ್ಳು ಟೈರೊಳಗೆ ಮುರಿದು ಉಳಿಯುತ್ತೆ. ಟ್ಯೂಬ್ ಹಾಕೋ ಮುಂಚೆ ಟೈರಿನ ಒಳಗೆ ಸುತ್ತಲೂ ಬಟ್ಟೆ ಆಡಿಸಿ. ಬಟ್ಟೆ ಎಲ್ಲಿ ಸಿಕ್ಕಿಕೊಳ್ಳುತ್ತೋ ಅಲ್ಲಿ ಮೊನೆ ಇದೆ, ಇಕ್ಕಳದಲ್ಲಿ ಕೀಳಿ. ಬರಿ ಬೆರಳು ಬೇಡ. ಇದನ್ನ ಬಿಟ್ಟರೆ ಹೊಸ ಟ್ಯೂಬೂ ಫರ್ಲಾಂಗ್ ಬಾಳಲ್ಲ. ಜಾಗ ಕಡಿಮೆ ಇದ್ದರೆ 21 ಇಂಚಿನ ಮುಂದಿನ ಟ್ಯೂಬ್ ಒಂದೇ ಒಯ್ಯಿರಿ, ಹಿಂದಿನ 18ಕ್ಕೂ ಊರು ಮುಟ್ಟೋವರೆಗೆ ನಡೆಯುತ್ತೆ. ಜೊತೆಗೆ ಟೈರ್ ಲಿವರ್ ಎರಡು, ವಾಲ್ವ್ ಕೀ, ಪಂಪು, ಎರಡೂ ಆಕ್ಸಲ್‌ಗೆ ಕೂರೋ ಸ್ಪಾನರ್, ಕ್ಲಚ್ ಲಿವರ್, ಕ್ಲಚ್ ಕೇಬಲ್.

ಅದಿರಿನ ಧೂಳು ಬೇರೆ ಧೂಳಿನ ಹಂಗಲ್ಲ, ಗಟ್ಟಿ. ಚೈನಿಗೆ ಎಣ್ಣೆ ಸುರಿದರೆ ಧೂಳು ಕೂಡಿ ಉಜ್ಜೋ ಪೇಸ್ಟ್ ಆಗಿ ಸ್ಪ್ರಾಕೆಟ್ ತಿನ್ನುತ್ತೆ. ಸಂಜೆ ಚೈನ್ ಬಿಸಿ ಇದ್ದಾಗಲೇ ಲ್ಯೂಬ್ ಹಾಕಿ, ಬೆಳಿಗ್ಗೆ ಮೇಲಿಂದು ಒರೆಸಿ ಹೊರಡಿ. ಏರ್ ಫಿಲ್ಟರ್ ಎಣ್ಣೆ ಹಚ್ಚಿದ ಪೇಪರಿನದಾಗಿದ್ದರೆ ಗಾಳಿ ಹೊಡೆಯಬೇಡಿ, ಎಣ್ಣೆ ಹಾರಿ ಧೂಳು ನೇರ ಇಂಜಿನ್ನಿಗೆ. ಹೊಸದೊಂದು ಇಟ್ಟುಕೊಳ್ಳೋದೇ ಸಸ್ತಾ.

ಇಳಿಜಾರಲ್ಲಿ ಗಟ್ಟಿ ನೆಲದ ಮೇಲೆ ಉದುರಿದ ಸಣ್ಣ ಅದಿರಿನ ಹರಳು ಚೆಲ್ಲಿದ ಜೋಳದ ಕಾಳಿದ್ದಂಗೆ. ಮುಂದಿನ ಬ್ರೇಕ್ ಗಬಕ್ಕನೆ ಹಿಡಿದರೆ ಬಿದ್ದಿರಿ ಅಂತಲೇ ಲೆಕ್ಕ. ಒಂದನೇ ಗೇರ್, ಹಿಂದಿನ ಬ್ರೇಕ್ ಮೆತ್ತಗೆ. ಎಬಿಎಸ್ (ಬ್ರೇಕ್ ಹಿಡಿದಾಗ ಗಾಲಿ ಲಾಕ್ ಆಗದಂಗೆ ತಡೆಯೋದು) ಮೋಡ್ ಬದಲಿಸೋ ಮಾಡೆಲ್ ಆಗಿದ್ದರೆ ಮಣ್ಣಿನಲ್ಲಿ ಆಫ್‌ರೋಡ್ ಮೋಡ್‌ಗೆ ಹಾಕಿ.

ಕೊಪ್ಪಳ_ಫೋರ್‌ಬೈಫೋರ್:
ಥಾರ್ ಬಗ್ಗೆ ಯಾರೂ ಹೇಳಲಿಲ್ಲ. ಡಾಂಬರಿನ ಮ್ಯಾಲೆ ಫೋರ್ ಹೈ (ನಾಕೂ ಗಾಲಿಗೆ ಇಂಜಿನ್ ಬಲ ಕೊಡೋ ಗೇರು) ಹಾಕಬ್ಯಾಡ್ರಿ. ತಿರುವಿನಾಗ ಮುಂದಿನ ಗಾಲಿ, ಹಿಂದಿನ ಗಾಲಿ ಬ್ಯಾರೆ ಬ್ಯಾರೆ ದೂರ ಉರುಳ್ತಾವ. ಒಣ ನೆಲದಾಗ ಜಾರಾಕ ಅವಕಾಶ ಇಲ್ಲಂದ್ರ ಆ ಬಿಗಿ ಎಲ್ಲಾ ಟ್ರಾನ್ಸ್‌ಫರ್ ಕೇಸಿಗೆ (ಮುಂದಿನ, ಹಿಂದಿನ ಗಾಲಿಗೆ ಬಲ ಹಂಚೋ ಪೆಟ್ಟಿಗಿ) ಬೀಳ್ತದ. ಕಡಿದಾದ ಇಳಿಜಾರಿಗೆ ಗಾಡಿ ಪೂರ್ತಿ ನಿಲ್ಲಿಸಿ ಫೋರ್ ಲೋ (ನಾಕೂ ಗಾಲಿಗೆ ಬಲ, ನಿಧಾನದ ಗೇರು), ಒಂದನೇ ಗೇರು. ಇಂಜಿನ್ನೇ ಹಿಡೀತದ, ಕ್ಲಚ್ ಮ್ಯಾಲೆ ಕಾಲಿಡಬ್ಯಾಡ್ರಿ.

ಡಿಸೆಂಬರ್‌ಗೆ ಗುಡ್ಡದ ಹುಲ್ಲು ಒಣಗಾಕ ಸುರುವಾಗಿರ್ತದ. ಡೀಸೆಲ್ ಗಾಡಿ ಡಿಪಿಎಫ್‌ದಾಗ (ಹೊಗಿಯ ಮಸಿ ಹಿಡಿಯೋ ಫಿಲ್ಟರ್) ಕೂಡಿದ ಮಸಿ ಸುಡೋ ಹೊತ್ತಿನ್ಯಾಗ ಸೈಲೆನ್ಸರ್ ವಿಪರೀತ ಕಾಯ್ತದ. ಹುಲ್ಲಿನ ಮ್ಯಾಲೆ ನಿಲ್ಲಿಸಿದ್ರ ಬೆಂಕಿ ಹತ್ತೋದು ಸುಳ್ಳಲ್ಲ. ಬರಿ ನೆಲ ನೋಡಿ ನಿಲ್ಲಿಸ್ರಿ. ಸಿಕ್ಕಿಬಿದ್ದ ಗಾಡಿ ಎಳೆಯೋ ಮುಂದ ಹಗ್ಗಾನ ಟೋ ಬಾಲ್‌ಗೆ (ಟ್ರೇಲರ್ ಸಿಕ್ಕಿಸೋ ಗುಂಡು) ಕಟ್ಟಬ್ಯಾಡ್ರಿ, ಕಿತ್ತರ ಗುಂಡಿನಂಗ ಬರ್ತದ. ಕಂಪನಿ ಕೊಟ್ಟ ಕೊಕ್ಕಿಗೇ ಹಾಕಿ, ಹಗ್ಗದ ನಡುಕ ಕಂಬಳಿ ಹೊದಿಸ್ರಿ, ಮಂದಿ ದೂರ ನಿಲ್ಲಲಿ.

ಸಿಂಧನೂರು_ಸವಾರ:
ಬಾಳ ಉಪಕಾರ ಆತ್ರಿ. ಎಟಿವಿ ಕ್ಯಾನ್ಸಲ್. ವಾಪಸ್ ಬರೋವಾಗ ಗಂಗಾವತಿ, ಕಾರಟಗಿ ಮ್ಯಾಲೆ ಎಡದಂಡೆ ಕಾಲುವೆ ಏರಿ ಹಿಡಿದು ಬಂದ್ರ ಹೆಂಗ? ಮಳಿ ಇರೂದಿಲ್ಲ, ಎರಿಮಣ್ಣು ಒಣಗಿರ್ತದ ಅಂದ್ಕೊಂಡೀವಿ.

ಕೊಪ್ಪಳ_ಫೋರ್‌ಬೈಫೋರ್:
ಮಳಿ ಬ್ಯಾಡ, ಬಸಿನೀರೇ ಸಾಕು. ಉಪಕಾಲುವೆ ಬಾಜೂಕ ಎರಿ ಯಾವಾಗ್ಲೂ ಹಸಿ. ಅದು ಟೈರಿಗೂ ಮಡ್‌ಗಾರ್ಡಿಗೂ ನಡುಕ ತುಂಬಿ ಗಾಲಿ ತಿರುಗದಂಗ ಮಾಡ್ತದ. ಎಕ್ಸ್‌ಪಲ್ಸ್ ಮುಂದಿನ ಮಡ್‌ಗಾರ್ಡ್ ಎತ್ತರ ಐತಿ, ಬಚಾವ್. ಹಿಂದ ಸ್ವಿಂಗ್ ಆರ್ಮ್ (ಹಿಂದಿನ ಗಾಲಿ ಹಿಡಿಯೋ ತೋಳು) ಸಂದಿ ತುಂಬಿದ್ರ ಕಟ್ಟಿಗಿ ತಗೊಂಡು ಕೆರೀಬೇಕು. ಏರಿ ನೀರಾವರಿ ಇಲಾಖೆದು, ಇಕ್ಕಟ್ಟು. ಕಾಲುವೆದಾಗ ಬಿದ್ರ ಕಾಂಕ್ರೀಟ್ ಇಳಿಜಾರು ಜಾರ್ತದ, ಹತ್ತಿ ಬರಾಕ ಆಗೂದಿಲ್ಲ. ದೊಡ್ಡ ರಸ್ತೆಗೇ ಬರ್ರಿ. ಅಲ್ಲೂ ಡಿಸೆಂಬರ್ ಅಂದ್ರ ಭತ್ತದ ಕೊಯ್ಲು. ಡಾಂಬರಿನ ಅರ್ಧಕ್ಕ ಭತ್ತ ಒಣಗಾಕ ಹರವಿರ್ತಾರ, ಅಂಚಿಗೆ ಕಲ್ಲು ಇಟ್ಟಿರ್ತಾರ. ಕತ್ತಲಾದ ಮ್ಯಾಲೆ ಆ ಕಲ್ಲು ಕಾಣೂದಿಲ್ಲ, ಅದಕ್ಕ ಎರಡನೇ ದಿನ ಮಧ್ಯಾಹ್ನದ ಊಟ ಮುಗಿಸಿದ ಕೂಡ್ಲೇ ಸಂಡೂರು ಬಿಡ್ರಿ.