ಅಪ್‌ಡೇಟ್: ಹಳೇ ಮನೆಯ ಗೋಡೆ ಬಿಚ್ಚಿದ ಮೇಲೆ ಕಂಡಿದ್ದು

ನೂರು ವರ್ಷ ದಾಟಿದ ನಮ್ಮ ಮನೆಯ ಮಹಡಿ ಒಂದು ಮೂಲೆಗೆ ವಾಲುತ್ತಿದೆ, ಗೋಡೆ ಬುಡದ ತೇವ ಆರುತ್ತಲೇ ಇಲ್ಲ, ಮೊದಲು ವೈರಿಂಗ್ ಮಾಡಿಸಲಾ, ತೊಲೆ ನೋಡಿಸಲಾ ಅಂತ ಕೇಳಿದ್ದೆ. "ಮೊದಲು ತೇವದ ಮೂಲ ಹುಡುಕಿ" ಅಂದವರ ಮಾತೇ ನಿಜವಾಯಿತು.

ಮೂಲ ಇದ್ದದ್ದು ಹಿಂದೆ ಯಾರೋ ಬಳಿಸಿದ್ದ ಸಿಮೆಂಟ್ ಗಿಲಾವಿನಲ್ಲಿ. ಸುಣ್ಣದ ಗಾರೆಯ ಗೋಡೆ ಹೀರಿದ ತೇವವನ್ನು ಮತ್ತೆ ಹೊರಗೆ ಬಿಡಬೇಕು. ಸಿಮೆಂಟ್ ಅದನ್ನು ಒಳಗೇ ಹಿಡಿದಿಟ್ಟಿತ್ತು. ಗೋಡೆಯೊಳಗೆ ಕೂತಿದ್ದ ತೊಲೆಯ ತುದಿ ಸುಮಾರು ಒಂದಡಿ ಕೊಳೆತಿತ್ತು. ಸ್ಕ್ರೂಡ್ರೈವರ್ ಚುಚ್ಚಿದರೆ ಸಲೀಸಾಗಿ ಇಳಿಯಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಪುಣ್ಯಕ್ಕೆ ಉಳಿದ ಮರವೆಲ್ಲ ಗಟ್ಟಿ. ಹಾಗಾಗಿ ಇಡೀ ತೊಲೆ ತೆಗೆಯದೆ, ಕೆಳಗೆ ಜಾಕ್ ಕೊಟ್ಟು, ಕೊಳೆತಷ್ಟನ್ನೇ ಕೊಯ್ದು ಅದೇ ಜಾತಿಯ ಮರ ಜೋಡಿಸಿ ಬೋಲ್ಟ್ ಬಿಗಿದರು. ಎತ್ತಿದ್ದು ವಾರಕ್ಕೆ ಒಂದೆರಡು ಮಿಲಿಮೀಟರ್ ಮಾತ್ರ. ಅವಸರ ಮಾಡಿದ್ದರೆ ಮೇಲಿನ ಗೋಡೆ ಬಿರುಕು ಬಿಡುತ್ತಿತ್ತು. ಮಹಡಿ ಪೂರ್ತಿ ಸಮವಾಗಿಲ್ಲ, ಆಗಲೇಬೇಕು ಅಂತ ಈಗ ನನಗೂ ಅನಿಸುತ್ತಿಲ್ಲ. ಹೊರಗೋಡೆಗೆ ಮತ್ತೆ ಸುಣ್ಣದ ಗಾರೆ ಬಂತು.

ವೈರಿನ ರಬ್ಬರ್ ಹೊದಿಕೆ ಮುಟ್ಟಿದರೆ ಪುಡಿಯಾಗುತ್ತಿತ್ತು, ಅರ್ಥಿಂಗ್ ಇರಲೇ ಇಲ್ಲ. ಎಲ್ಲ ಹೊಸದಾಗಿ ಎಳೆಸಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್) ಹಾಕಿಸಿದೆ. ನೀರಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನೊಳಗೆ ತುಕ್ಕು ಕಟ್ಟಿ ಪೆನ್ಸಿಲ್ ತೂರುವಷ್ಟೇ ಜಾಗ ಉಳಿದಿತ್ತು, ಅವೂ ಹೋದವು.

ಗೋಡೆ ಮುಚ್ಚುವ ಮೊದಲು ಅಳತೆ ಟೇಪ್ ಹಿಡಿದು ಪ್ರತಿ ಪೈಪು, ವೈರಿನ ಫೋಟೊ ತೆಗೆದಿಟ್ಟಿದ್ದೇನೆ. ಬಚ್ಚಲಮನೆ ಕಡೆಯ ಗಾರೆ ಇನ್ನೂ ಒಣಗಬೇಕು, ಬಣ್ಣ ಆಮೇಲೆ.