ಚಳಿಗಾಲಕ್ಕೆ ದೋಣಿಯ ಎಂಜಿನ್ ಸಿದ್ಧಪಡಿಸುವುದು: ನೀರು ಬಸಿದರೆ ಸಾಕೇ, ಆಂಟಿಫ್ರೀಜ್ ಬೇಕೇ?

ಪ್ರಶ್ನೆ: ಹೊರಗಿನ ನೀರನ್ನೇ ನೇರವಾಗಿ ಸೆಳೆದು ತಣಿಯುವ ಇನ್‌ಬೋರ್ಡ್ (ದೋಣಿಯ ಒಳಗೇ ಕೂರಿಸಿದ) ಪೆಟ್ರೋಲ್ ಎಂಜಿನ್ ನನ್ನ ದೋಣಿಯಲ್ಲಿದೆ. ಹಿಮ ಬೀಳುವ ಮುನ್ನ ದೋಣಿಯನ್ನು ಶೆಡ್ಡಿಗೆ ಸೇರಿಸಬೇಕಾಗಿದೆ. ಬ್ಲಾಕಿನ (ಸಿಲಿಂಡರುಗಳಿರುವ ಎಂಜಿನ್ನಿನ ಎರಕದ ಒಡಲು) ನೀರು ಬಸಿದರೆ ಸಾಕೇ, ಹೆಪ್ಪುಗಟ್ಟುವುದನ್ನು ತಡೆಯುವ ದ್ರವವಾದ ಆಂಟಿಫ್ರೀಜನ್ನೂ ಹಾಕಬೇಕೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1: ಬಸಿಯಿರಿ, ಬಸಿಯುವಾಗ ಪಕ್ಕದಲ್ಲೇ ನಿಂತು ಕಣ್ಣಾರೆ ನೋಡಿ. ನನ್ನ ಎಂಜಿನ್ ಒಪ್ಪಿಸಿದ್ದ ವರ್ಕ್‌ಶಾಪಿನವರು ಬ್ಲಾಕನ್ನು ಬಸಿಯದೆ, ತಣ್ಣನೆಯ ಎಂಜಿನ್ನಿಗೆ ಆಂಟಿಫ್ರೀಜ್ ಹರಿಸಿ, ಎಕ್ಸಾಸ್ಟಿನಿಂದ ಗುಲಾಬಿ ಬಣ್ಣದ ದ್ರವ ಬಂದೊಡನೆ ಕೆಲಸ ಮುಗಿಯಿತೆಂದು ಕೈತೊಳೆದುಕೊಂಡರು. ಎಂಜಿನ್ ಬಿಸಿಯಾದಾಗ ಮಾತ್ರ ತೆರೆಯುವ ಕವಾಟವಾದ ಥರ್ಮೋಸ್ಟಾಟ್ ಮುಚ್ಚಿಕೊಂಡಿದ್ದರೆ ಆ ದ್ರವದ ಬಹುಪಾಲು ಬ್ಲಾಕನ್ನು ಹೊಗದೆ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಮೂಲಕ ಹೊರಬೀಳುತ್ತದೆ. ಬ್ಲಾಕಿನ ನೀರು ಇದ್ದಲ್ಲೇ ಇರುತ್ತದೆ. ನೀರು ಹೆಪ್ಪುಗಟ್ಟುವಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ, ಎರಕದ ಕಬ್ಬಿಣ ಅದನ್ನು ತಡೆಯಲಾರದು. ವಸಂತದಲ್ಲಿ ಎಂಜಿನ್ ಚಾಲೂ ಮಾಡಿ ಆಯಿಲ್ ಅಳೆಯುವ ಡಿಪ್‌ಸ್ಟಿಕ್ ಎಳೆದಾಗ ಆಯಿಲ್ ನೀರು ಸೇರಿ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಇನ್‌ಟೇಕ್ ಮ್ಯಾನಿಫೋಲ್ಡ್ ಬಿಚ್ಚಿದರೆ ಅದರಡಿಯಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು. ಬ್ಲಾಕ್, ಗ್ಯಾಸ್ಕೆಟ್ ಸೆಟ್, ಎಂಜಿನ್ ಎತ್ತಲು ಕ್ರೇನ್, ಮತ್ತೆ ಕೂರಿಸಿ ಅಲೈನ್‌ಮೆಂಟ್ ಮಾಡಿದ ಕೂಲಿ, ಕೈತಪ್ಪಿಹೋದ ಇಡೀ ಬೇಸಿಗೆ, ಎಲ್ಲವೂ ನನ್ನ ತಲೆಗೇ ಬಂತು. ಬಿರುಕು ಮೊದಲೇ ಇತ್ತೆಂದು ಅವರು ವಾದಿಸಿದರು.

ಉತ್ತರ 2: ಮೇಲಿನವರ ನಷ್ಟಕ್ಕೆ ವಿಷಾದವಿದೆ, ಆದರೆ ಮಾಡಿದವರ ತಪ್ಪಿಗೆ ಆಂಟಿಫ್ರೀಜನ್ನು ದೂಷಿಸುವುದು ನ್ಯಾಯವಲ್ಲ. ಬಸಿದು ಖಾಲಿ ಬಿಟ್ಟ ಬ್ಲಾಕಿನೊಳಗೆ ಒದ್ದೆ ಗಾಳಿ ಆಡುತ್ತದೆ, ತುಕ್ಕು ಹಿಡಿಯುತ್ತದೆ. ನಾನು ಎಂಜಿನ್ನನ್ನು ಚೆನ್ನಾಗಿ ಬಿಸಿ ಮಾಡಿ, ಬೆಚ್ಚಗಿರುವಾಗಲೇ ಆಯಿಲ್ ಬದಲಿಸಿ, ಆಮೇಲೆ ನೀರು ಬಸಿದು, ಮೇಲಿನ ಹೋಸ್ ಕಳಚಿ ಪ್ರೊಪಿಲೀನ್ ಗ್ಲೈಕಾಲ್ ಆಂಟಿಫ್ರೀಜನ್ನು ನೇರವಾಗಿ ಬ್ಲಾಕಿಗೆ ಸುರಿಯುತ್ತೇನೆ. ಡಬ್ಬಿಯ ಮೇಲಿನ ಮೈನಸ್ 50 ಎಂಬುದು ಸಾಮಾನ್ಯವಾಗಿ ಫ್ಯಾರನ್‌ಹೀಟ್ ಲೆಕ್ಕ. ಅದು ಪೈಪ್ ಒಡೆಯದಂತೆ ಕಾಯುವ ಮಿತಿಯೇ ಹೊರತು ದ್ರವ ಗಟ್ಟಿಯಾಗದಿರುವ ಮಿತಿಯಲ್ಲ. ಒಳಗೆ ಉಳಿದ ನೀರು ಬೆರೆತರೆ ಆ ರಕ್ಷಣೆಯೂ ಕುಗ್ಗುತ್ತದೆ.

ಉತ್ತರ 1: ಸ್ವಾಮಿ, ಆಂಟಿಫ್ರೀಜನ್ನು ನಾನು ದೂಷಿಸಿಯೇ ಇಲ್ಲ, ದಯವಿಟ್ಟು ಇನ್ನೊಮ್ಮೆ ಓದಿ. ಬ್ಲಾಕಿನ ನೀರು ಬಸಿಯುವ ಪ್ಲಗ್ ತೆಗೆದ ಮೇಲೂ ನೀರು ಬಾರದಿದ್ದರೆ ಬ್ಲಾಕ್ ಖಾಲಿಯಾಗಿದೆ ಎಂದುಕೊಳ್ಳಬಾರದು. ರಂಧ್ರದಲ್ಲಿ ಮರಳೂ ತುಕ್ಕೂ ಕಟ್ಟಿಕೊಂಡಿರುತ್ತವೆ; ತಂತಿ ತೂರಿಸಿ ಕೆದಕಿದರೆ ಕೆಂಪು ರಾಡಿಯ ಹಿಂದೆಯೇ ನೀರು ಧುಮುಕುತ್ತದೆ. ಈ ಮಾತನ್ನು ನೀವು ಹೇಳಲೇ ಇಲ್ಲ.

ಉತ್ತರ 3: ಇದಕ್ಕೇ ನಾನು ಔಟ್‌ಬೋರ್ಡ್ (ದೋಣಿಯ ಹಿಂಭಾಗಕ್ಕೆ ಹೊರಗಿನಿಂದ ಕಟ್ಟುವ ಎಂಜಿನ್) ಬಿಟ್ಟು ಬೇರೆ ಕೊಳ್ಳಲಿಲ್ಲ. ನೆಟ್ಟಗೆ ನಿಲ್ಲಿಸಿದರೆ ನೀರು ತಾನಾಗಿಯೇ ಬಸಿದುಹೋಗುತ್ತದೆ. ಗೇರ್ ಆಯಿಲನ್ನು ಮಾತ್ರ ಶರತ್ಕಾಲದಲ್ಲೇ ಬದಲಿಸಬೇಕು. ಅದು ಬಿಳಚಿಕೊಂಡಿದ್ದರೆ ಸೀಲ್ ಸೋರಿದೆ ಎಂದರ್ಥ, ಒಳಗಿನ ನೀರು ಹೆಪ್ಪುಗಟ್ಟಿ ಗೇರ್‌ಕೇಸನ್ನೇ ಸೀಳಬಹುದು. ಟ್ಯಾಂಕನ್ನು ಹಿಗ್ಗುವಿಕೆಗೆ ಸ್ವಲ್ಪ ಜಾಗ ಬಿಟ್ಟು ತುಂಬಿಸಿ, ಪೆಟ್ರೋಲ್ ಕೆಡದಂತೆ ಕಾಯುವ ಸ್ಟೆಬಿಲೈಜರ್ ಬೆರೆಸಿ, ಅದು ಕಾರ್ಬ್ಯುರೇಟರ್ ತಲುಪುವವರೆಗೆ ಎಂಜಿನ್ ಓಡಿಸುತ್ತೇನೆ.

ಉತ್ತರ 4: ಟ್ಯಾಂಕ್ ತುಂಬಿಸಿಡುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಶೇಕಡಾ 10 ಎಥನಾಲ್ ಇರುವ ಪೆಟ್ರೋಲಿನಲ್ಲಿ ನೀರಿನ ಪಾಲು ಸುಮಾರು ಅರ್ಧ ಶೇಕಡಾ ಮುಟ್ಟಿತೆಂದರೆ, ಎಥನಾಲ್ ಆ ನೀರಿನೊಡನೆ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಆಮೇಲೆ ಯಾವ ಸ್ಟೆಬಿಲೈಜರ್ ಹಾಕಿದರೂ ಅದು ಮತ್ತೆ ಕೂಡಿಕೊಳ್ಳುವುದಿಲ್ಲ. ನನಗೆ ಪೂರ್ತಿ ಟ್ಯಾಂಕ್ ಪೆಟ್ರೋಲನ್ನು ವಿಲೇವಾರಿಗೆ ಕೊಡಬೇಕಾಯಿತು. ಇಂಜೆಕ್ಟರುಗಳನ್ನು ಬಿಚ್ಚಿಸಿ ಶುಚಿ ಮಾಡಿಸಿದ ಖರ್ಚು ಬೇರೆ. ಖಾಲಿ ಮಾಡಿ, ಕಾರ್ಬ್ಯುರೇಟರ್ ಇದ್ದವರು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿಬಿಡಿ.

ಉತ್ತರ 3: ದೋಣಿಯ ಒಡಲಿನಲ್ಲೇ ಕೂರಿಸಿದ ಟ್ಯಾಂಕನ್ನು ಪೂರ್ತಿ ಖಾಲಿ ಮಾಡುವವರು ಯಾರು? ತಳದಲ್ಲಿ ಉಳಿದ ಪೆಟ್ರೋಲಿನ ಮೇಲೆ ಅಷ್ಟೂ ಜಾಗದಲ್ಲಿ ಒದ್ದೆ ಗಾಳಿ ತುಂಬಿಕೊಳ್ಳುತ್ತದೆ. ಇನ್ನು, ಎಂಜಿನ್ ನಿಲ್ಲುವವರೆಗೆ ಓಡಿಸಿದರೂ ಕಾರ್ಬ್ಯುರೇಟರಿನ ಬಟ್ಟಲು ಬರಿದಾಗುವುದಿಲ್ಲ. ಅದರ ತಳದ ಡ್ರೇನ್ ಸ್ಕ್ರೂ ಸಡಿಲಿಸಿ ನೋಡಿ, ಜೆಟ್ಟನ್ನು (ಪೆಟ್ರೋಲ್ ಹಾಯುವ ಸಣ್ಣ ರಂಧ್ರ) ಕಟ್ಟಿಸುವಷ್ಟು ಪೆಟ್ರೋಲ್ ಇನ್ನೂ ಇಳಿಯುತ್ತದೆ. ಬಟ್ಟಲನ್ನು ಸ್ಕ್ರೂ ತೆಗೆದೇ ಬಸಿಯಬೇಕು.