ಊಟದಲ್ಲಿ ವಿಷ ಇದೆ ಅನ್ನೋ ರೋಗಿಗೆ ಏನಂತ ಹೇಳಬೇಕು?

ನರ್ಸಿಂಗ್ ವಿದ್ಯಾರ್ಥಿನಿ, ಹಾಸನ
ಮಾನಸಿಕ ರೋಗಿಗಳ ವಾರ್ಡಿನಲ್ಲಿ ಪೋಸ್ಟಿಂಗ್ ನಡೀತಿದೆ. ಸಕಲೇಶಪುರ ಕಡೆಯ ಕಾಫಿ ತೋಟದಲ್ಲಿ ಕೆಲಸ ಮಾಡುವ ಒಬ್ಬರಿದ್ದಾರೆ. ತಟ್ಟೆ ಮುಂದಿಟ್ಟರೆ "ಇದಕ್ಕೆ ಏನೋ ಹಾಕಿದ್ದಾರೆ, ನೀನೂ ಅವರ ಕಡೆಯವಳೇ" ಅಂತಾರೆ. "ಹಾಗೇನಿಲ್ಲ ಅಣ್ಣ" ಅಂದರೆ ಮುಖ ತಿರುಗಿಸುತ್ತಾರೆ. ಮಾತ್ರೆಯನ್ನು ಸಾರಿನಲ್ಲಿ ಕಲೆಸಿ ಕೊಡೋಣ್ವಾ ಅಂತ ಅವರ ಹೆಂಡತಿ ಕೇಳ್ತಿದ್ದಾರೆ. ಪಾಠ ಓದಿದ್ದೇನೆ, ಆದರೆ ಅವರೆದುರು ಬಾಯಿಗೆ ಮಾತೇ ಬರಲ್ಲ. ಯಾರಾದರೂ ಹೇಳಿ.

ಸ್ಟಾಫ್ ನರ್ಸ್, ಚಿಕ್ಕಮಗಳೂರು
ವಾದಕ್ಕೆ ನಿಲ್ಲಬೇಡಮ್ಮ, ಅನುಮಾನ ಇನ್ನೂ ಗಟ್ಟಿಯಾಗುತ್ತೆ. ಹಾಗಂತ ಹೂಂಗುಟ್ಟಲೂಬೇಡ. ವಿಷದ ಮಾತು ಬಿಡು, ಭಯದ ಮಾತಾಡು. "ಊಟ ನೋಡಿದರೇ ಭಯ ಆಗ್ತಿದೆ ಅಲ್ವಾ ಅಣ್ಣ? ನನಗೆ ಇದರಲ್ಲಿ ಏನೂ ಕಾಣ್ತಿಲ್ಲ. ಆದರೆ ನಿಮಗೆ ಎಷ್ಟು ಕಷ್ಟ ಆಗ್ತಿದೆ ಅಂತ ಗೊತ್ತಾಗ್ತಿದೆ." ಇಷ್ಟು ಹೇಳಿ ಸುಮ್ನೆ ಕೂರು. ಅವರು ಮಾತಾಡದಿದ್ದರೂ ಪರವಾಗಿಲ್ಲ. "ಯಾಕೆ ಹಾಗನ್ಸುತ್ತೆ" ಅಂತ ಕೆದಕಿದರೆ ಪೊಲೀಸರ ವಿಚಾರಣೆ ಥರ ಆಗುತ್ತೆ.

ಹೊಟ್ಟೆಗೆ ಏನಾದರೂ ಹೋಗಬೇಕಲ್ಲ. ಸಿಪ್ಪೆ ಸಮೇತ ಬಾಳೆಹಣ್ಣು, ಬೇಯಿಸಿದ ಮೊಟ್ಟೆ, ಒಡೆಯದ ಬಿಸ್ಕೆಟ್ ಪ್ಯಾಕೆಟ್ ಕೊಟ್ಟು ನೋಡು. ಅವರೇ ಸುಲಿಯಲಿ, ಅವರೇ ಒಡೆಯಲಿ. ಕೈ ನಡುಗ್ತಿದೆ ಅಂತ ನೀನು ಇಸ್ಕೊಂಡು ಬಿಡಿಸಬೇಡ. ಮೊಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡ್ತಾರೆ, ನೋಡಲಿ. ಅವರ ಕಣ್ಣೆದುರು ಬೇರೆ ಸಿಸ್ಟರ್ ಜೊತೆ ಪಿಸುಗುಟ್ಟಬೇಡ, ತಮ್ಮ ಬಗ್ಗೆಯೇ ಅಂದ್ಕೋತಾರೆ. ಬಾಗಿಲಿಗೆ ಅಡ್ಡವಾಗಿಯೂ ಕೂರಬೇಡ.

ಸಾರಿನಲ್ಲಿ ಮಾತ್ರೆ ಖಂಡಿತ ಬೇಡ. ಗೊತ್ತಾದರೆ ಅವರು ಹೇಳ್ತಿದ್ದದ್ದೇ ನಿಜ ಅಂತಾಗುತ್ತೆ. ಆಮೇಲೆ ಮನೇಲಿ ಹೆಂಡತಿ ಮಾಡಿದ ಮುದ್ದೆಯನ್ನೂ ಮುಟ್ಟಲ್ಲ. ಆಕೆಗೆ ಇದನ್ನು ನಿಧಾನವಾಗಿ ತಿಳಿಸಿ ಹೇಳು, ಪಾಪ, ಸಾಕಾಗಿಹೋಗಿರುತ್ತೆ ಅವರಿಗೂ. ತನಗೆ ಏನು ಚಿಕಿತ್ಸೆ ಕೊಡ್ತಿದ್ದಾರೆ ಅಂತ ತಿಳಿಯೋ ಹಕ್ಕು ರೋಗಿಗೆ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಇದೆ. ಮಾತ್ರೆ ಬೇಡ ಅಂದರೆ ಚಾರ್ಟಿನಲ್ಲಿ ಬರೆದು ಡಾಕ್ಟರಿಗೆ ಹೇಳು.

ನರ್ಸಿಂಗ್ ಟ್ಯೂಟರ್, ಹಾಸನ
ಸಿಸ್ಟರ್ ಹೇಳಿದ್ದು ಸರಿ. ನರ್ಸ್ ಮತ್ತು ರೋಗಿಯ ನಡುವಿನ ಸಂಬಂಧಕ್ಕೇ ಗುಣಪಡಿಸೋ ಶಕ್ತಿ ಇದೆ ಅಂತ ಅಮೆರಿಕದ ನರ್ಸ್, ನರ್ಸಿಂಗ್ ಚಿಂತಕಿ ಹಿಲ್ಡೆಗಾರ್ಡ್ ಪೆಪ್ಲೌ 1952ರಲ್ಲೇ ಬರೆದರು. ಆ ಸಂಬಂಧಕ್ಕೆ ಮುಗಿಯೋ ಹಂತವೂ ಇದೆ. ಪೋಸ್ಟಿಂಗ್ ಯಾವತ್ತು ಮುಗಿಯುತ್ತೆ ಅಂತ ಈಗಲೇ ಅವರಿಗೆ ಹೇಳಿಡಿ. ಹೇಳದೆ ಮಾಯವಾದರೆ ಮುಂದೆ ಬರುವವರನ್ನೂ ನಂಬಲ್ಲ.

ನರ್ಸಿಂಗ್ ವಿದ್ಯಾರ್ಥಿನಿ, ಹಾಸನ
ಥ್ಯಾಂಕ್ಸ್ ಅಕ್ಕ, ಥ್ಯಾಂಕ್ಸ್ ಸರ್. ಒಂದೊಂದು ಸಲ ಒಬ್ಬರೇ ಗೊಣಗ್ತಾರೆ, ದನಿ ಕೇಳಿಸ್ತಿರಬೇಕು. ಸಾಯೋ ಯೋಚನೆ ಇದೆಯಾ ಅಂತ ಕೇಳಬಹುದಾ? ಕೇಳಿ ನಾವೇ ತಲೆಗೆ ಹುಳ ಬಿಟ್ಟಂತಾಗಲ್ವಾ?

ಸ್ಟಾಫ್ ನರ್ಸ್, ಚಿಕ್ಕಮಗಳೂರು
ಕೇಳಲೇಬೇಕು. ಕೇಳಿದ್ದರಿಂದ ಆ ಯೋಚನೆ ಹುಟ್ಟಲ್ಲ. "ಆ ದನಿ ನಿಮಗೆ ಏನಾದರೂ ಮಾಡು ಅನ್ನುತ್ತಾ? ಸತ್ತುಹೋಗಬೇಕು ಅನ್ಸುತ್ತಾ?" ಅಂತ ನೇರವಾಗಿ ಕೇಳು. ಯಾರಿಗೂ ಹೇಳಲ್ಲ ಅಂತ ಮಾತ್ರ ಮಾತು ಕೊಡಬೇಡ. ಹೂಂ ಅಂದರೆ ಅವರನ್ನು ಒಂಟಿಯಾಗಿ ಬಿಡದೆ ಇನ್‌ಚಾರ್ಜ್ ಸಿಸ್ಟರನ್ನು ಕರೆಸು. ಡಿಸ್ಚಾರ್ಜ್ ಆಗುವಾಗ ಹೆಂಡತಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಬರೆದುಕೊಡು. ಕನ್ನಡದಲ್ಲೇ ಮಾತಾಡಬಹುದು, ರಾತ್ರಿಯೂ ಇರುತ್ತೆ.